ಸೂರ್ಯಕಾಂತಿ: ಹೊಲಕ್ಕೆ ಬಂದ ಅತಿಥಿ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದತ್ತ ಕಪಿಲೆಯ ಜಾಡು ಹಿಡಿದು ಹೊರಟ ಪ್ರಯಾಣಿಕನಿಗೆ ನಾಲೆಯ ಕೆಳಗೆ ಭತ್ತ, ಕಬ್ಬು ಕಾಣುತ್ತವೆ. ನಾಲೆಯ ನೀರು ಏರಲಾರದ ದಿಣ್ಣೆಗಳಲ್ಲಿ ರಾಗಿ, ಹುರುಳಿ. ಆ ಒಣಭೂಮಿಯ ನಡುವೆ ಅಲ್ಲೊಂದು ಇಲ್ಲೊಂದು ಹೊಲ ಹಳದಿಯಾಗಿ ಅರಳಿರುವುದೂ ಉಂಟು. ಸೂರ್ಯಕಾಂತಿ ಎಂಬ ಹೆಸರಿನ ಗಾಂಭೀರ್ಯವನ್ನು ಕೇಳಿದವರಿಗೆ ಇದು ಪುರಾಣಕಾಲದ ಬೆಳೆಯೇನೋ ಎನಿಸೀತು. ಆದರೆ ಎಣ್ಣೆಬೀಜವಾಗಿ ಅದು ನಮ್ಮಲ್ಲಿಗೆ ಬಂದು ಸುಮಾರು ಆರು ದಶಕಗಳಷ್ಟೇ ಆಗಿವೆ.

ಅದಕ್ಕೆ ಮೊದಲು ಎಣ್ಣೆಯೆಂದರೆ ಎಳ್ಳು, ಹುಚ್ಚೆಳ್ಳು, ಹರಳು. ಆಮೇಲೆ ಬಂದ ಕಡಲೆಕಾಯಿ. ಗಾಣದೆರೆ, ದೇವಾಲಯದ ನಂದಾದೀವಿಗೆಗೆ ಬಿಟ್ಟ ಎಣ್ಣೆ ಇವು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು. ಬೀಜ, ಗಾಣ, ದೀಪ, ಒಗ್ಗರಣೆ ಎಲ್ಲವೂ ಬಹುಮಟ್ಟಿಗೆ ಒಂದೇ ಸೀಮೆಯೊಳಗಿದ್ದ ಕಾಲ ಅದು.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯುರೋಪನ್ನು ಸೇರಿ, ಬಹುಕಾಲ ತೋಟದ ಅಲಂಕಾರವಾಗಿ ಉಳಿಯಿತು. ಅದನ್ನು ಎಣ್ಣೆಯ ಬೆಳೆಯಾಗಿ ಬೆಳೆಸಿದ್ದು 19ನೆಯ ಶತಮಾನದ ರಷ್ಯ. ಮುಂದೆ ಕ್ರಾಸ್ನೊದಾರಿನ ವಿಜ್ಞಾನಿ ಪುಸ್ತೊವೊಯ್ತ್ ಅವರು ತಲೆಮಾರಿನಿಂದ ತಲೆಮಾರಿಗೆ ಬೀಜವನ್ನು ಆಯ್ದು, ಅದರ ಎಣ್ಣೆಯ ಅಂಶವನ್ನು ಶೇಕಡ 50ರ ಹತ್ತಿರಕ್ಕೆ ಏರಿಸಿದರು. 1969ರಲ್ಲಿ ಭಾರತಕ್ಕೆ ಬಂದದ್ದು ಇಂಥ ಸೋವಿಯತ್ ತಳಿಗಳೇ.

ಮೂರು ತಿಂಗಳ ಆಸುಪಾಸಿನಲ್ಲಿ ಕೈಸೇರುವ ಈ ಬೆಳೆ, ಮಳೆಯನ್ನೇ ನಂಬಿದ ರೈತನಿಗೆ ಹಿಡಿಸಿತು. ಒಂದು ಕೊರತೆಯಿತ್ತು: ಜೇನ್ನೊಣ ಬಾರದಿದ್ದರೆ ತಟ್ಟೆಯಗಲದ ಹೂವಿನ ತುಂಬ ಜೊಳ್ಳೇ ಉಳಿಯುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 1980ರಲ್ಲಿ ಬಿಡುಗಡೆಯಾದ ಬಿಎಸ್‌ಎಚ್-1, ದೇಶದ ಮೊದಲ ಸಂಕರ ಸೂರ್ಯಕಾಂತಿ, ಇಳುವರಿಯ ಭರವಸೆಯನ್ನು ಹೆಚ್ಚಿಸಿತು. ಕರ್ನಾಟಕ ಈ ಬೆಳೆಯ ಮುಂಚೂಣಿಯ ರಾಜ್ಯವಾಯಿತು.

ಬೀಜದ ಗುಣವೂ ಕಡಿಮೆಯದಲ್ಲ. ಸಿಪ್ಪೆ ತೆಗೆದ 100 ಗ್ರಾಂ ತಿರುಳಿನಲ್ಲಿ ಸುಮಾರು 50 ಗ್ರಾಂ ಕೊಬ್ಬು, 20 ಗ್ರಾಂ ಪ್ರೋಟೀನು. ಇ ಜೀವಸತ್ವವಂತೂ ಧಾರಾಳ. ಎಣ್ಣೆ ಮನುಷ್ಯನಿಗೆ, ಹಿಂಡಿ ದನಕರುಗಳಿಗೆ. ಹೊಲದಲ್ಲೇ ಪಾಲು ಕೇಳಲು ಗಿಳಿಗಳು ಬೇರೆ!

ಇಷ್ಟಿದ್ದೂ ಹಳದಿ ಮಾಸಿತು. 1990ರ ದಶಕದ ಮೊದಲರ್ಧದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರನ್ನು ಮೀರಿದ್ದ ಬೆಳೆ, 2020ರ ವೇಳೆಗೆ 3 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. 1997ರಲ್ಲಿ ಬಾಗೇಪಲ್ಲಿಯ ಕಡೆ ಮೊದಲು ಕಂಡ ನಂಜುರೋಗ ಒಂದು ಪೆಟ್ಟು. 1994ರಿಂದ ಹಂತಹಂತವಾಗಿ ಸಡಿಲಗೊಂಡ ಎಣ್ಣೆಯ ಆಮದು ಇನ್ನೊಂದು. ವಿಚಿತ್ರವೆಂದರೆ, ಬೇಡಿಕೆ ಕುಗ್ಗಿದ್ದರಿಂದ ಬೆಳೆ ಕುಗ್ಗಲಿಲ್ಲ. ಅಡುಗೆಮನೆಯಲ್ಲಿ ಸೂರ್ಯಕಾಂತಿ ಎಣ್ಣೆಗೆ ಆದರ ಬೆಳೆಯುತ್ತಲೇ ಇತ್ತು. ಹೊಲದಲ್ಲಿ ಅದರ ಗಿಡಕ್ಕೆ ನೆಲೆ ತಪ್ಪುತ್ತಿತ್ತು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿದಾಗ ನಮ್ಮ ಬಾಣಲೆಯ ಎಣ್ಣೆ ತುಟ್ಟಿಯಾದದ್ದು ಇದೇ ಕಾರಣದಿಂದ.

2025–26ರ ಮುಂಗಾರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 7,721 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿತು. ಘೋಷಿಸಿದ ಬೆಲೆ ಸಕಾಲದಲ್ಲಿ ಖರೀದಿಯಾಗಿ ರೈತನ ಕೈಸೇರಬೇಕು. ಎಳೆಯ ಗಿಡ ಸೂರ್ಯನನ್ನು ನೋಡಿ ತಿರುಗುತ್ತದೆ. ಅದನ್ನು ಬಿತ್ತಬೇಕಾದವನು ಮಾತ್ರ ಮಾರುಕಟ್ಟೆಯನ್ನು ನೋಡಿಯೇ ತಿರುಗಬೇಕಾಗಿದೆ. ಅತಿಥಿ ಮನೆಯವನಾಗಿ ಉಳಿಯುವುದೂ, ಬಂದ ದಾರಿಯಲ್ಲೇ ಹೊರಡುವುದೂ ಆ ಲೆಕ್ಕದ ಮೇಲೆ ನಿಂತಿದೆ.