ವ್ಯಾಯಾಮಕ್ಕೆ ಯಾವ ಹೊತ್ತು?

ವ್ಯಾಯಾಮಕ್ಕೆ ಬೆಳಗು ಲೇಸೊ ಸಂಜೆ ಲೇಸೊ ಎಂಬ ಪ್ರಶ್ನೆ ನಮ್ಮ ಪಟ್ಟಣಗಳ ಉದ್ಯಾನಗಳಲ್ಲಿ ನಿತ್ಯವೂ ಕೇಳಿಬರುತ್ತದೆ. ಕೇಳುವವರ ಮನಸ್ಸಿನಲ್ಲಿರುವುದು ಗಡಿಯಾರ. ಪ್ರಾಚೀನರೂ ಇದನ್ನು ಕೇಳಿಕೊಂಡವರೇ. ಆದರೆ ಉತ್ತರಕ್ಕಾಗಿ ಅವರು ನೋಡಿದ್ದು ಹೊಟ್ಟೆಯನ್ನು ಮತ್ತು ಋತುವನ್ನು.

ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ದಿನಚರ್ಯೆಗೆಂದೇ ಒಂದು ಅಧ್ಯಾಯವುಂಟು. ಆರೋಗ್ಯವಂತನು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು. ಆಮೇಲೆ ಶೌಚ, ದಂತಧಾವನ, ಅಭ್ಯಂಗ. ಅದರ ಬೆನ್ನಿಗೆ ವ್ಯಾಯಾಮ, ಅನಂತರ ಸ್ನಾನ. ವ್ಯಾಯಾಮಕ್ಕೆಂದು ಅವನು ಇಂಥದೇ ಗಳಿಗೆಯನ್ನು ಗೊತ್ತುಮಾಡುವುದಿಲ್ಲ. ಸರಣಿಯೊಂದರಲ್ಲಿ ಅದಕ್ಕೊಂದು ಸ್ಥಾನ ಕೊಡುತ್ತಾನೆ, ಅಷ್ಟೆ. ಉಂಡದ್ದು ಅರಗದವನು ಅದರ ಗೊಡವೆಗೇ ಹೋಗಬಾರದು. ಜಿಡ್ಡಿನ ಆಹಾರ ಉಣ್ಣುವ ಬಲಿಷ್ಠನು ಕೂಡ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸತಕ್ಕದ್ದು. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅರ್ಧವನ್ನು ಅಳೆಯುವುದೆಂತು? ಉಸಿರು ಬಾಯಿಗೆ ಬಂದರೆ ಅದೇ ಗುರುತು ಎನ್ನುತ್ತದೆ ‘ಸುಶ್ರುತಸಂಹಿತೆ’. ಈ ಅಳತೆಗೆ ಯಾವ ಉಪಕರಣವೂ ಬೇಡ.

ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಬೇರೊಂದು ನಾಡಿನಲ್ಲಿ ಇದೇ ದಾರಿ ಹಿಡಿದವನು. ಪೆರ್ಗಮಮ್ ನಗರದಲ್ಲಿ ಕಾಳಗದ ಮಲ್ಲರಿಗೆ ಚಿಕಿತ್ಸೆ ಮಾಡಿ ಪಳಗಿದ್ದ ಈತನಿಗೆ ದೇಹಶ್ರಮದ ವಿಷಯ ಪುಸ್ತಕದ ಮಾತಾಗಿರಲಿಲ್ಲ. ಹಿಂದಿನ ದಿನದ ಊಟ ಪೂರ್ಣವಾಗಿ ಜೀರ್ಣವಾಗಿ, ಮುಂದಿನ ಊಟಕ್ಕೆ ಮೊದಲು ಬರುವ ಕಾಲವೇ ವ್ಯಾಯಾಮದ ಕಾಲವೆಂದು ಅವನ ಮತ. ಅದನ್ನು ತಿಳಿಯಲು ಮೂತ್ರದ ಬಣ್ಣ ನೋಡಬೇಕಂತೆ: ನೀರಿನಂತಿದ್ದರೆ ಇನ್ನೂ ಹೊತ್ತಾಗಿಲ್ಲ, ಕಡುಹಳದಿಯಾದರೆ ಹೊತ್ತು ಮೀರಿದೆ. ರಸಿಕರಿಗೆ ಈ ಮಾತು ರುಚಿಸಲಾರದು, ಆದರೆ ವೈದ್ಯನಿಗೆ ಸಂಕೋಚವೆಲ್ಲಿಯದು!

ಇಷ್ಟಾದರೂ, ಹೊತ್ತನ್ನು ಆರಿಸಿಕೊಳ್ಳುವ ಭಾಗ್ಯ ಯಾರಿಗಿತ್ತು ಎಂಬುದನ್ನು ನಮ್ಮ ಇತಿಹಾಸಕಾರರು ಸಾಕಷ್ಟು ವಿಚಾರಿಸಿಲ್ಲವೆಂದು ನನ್ನ ಭಾವನೆ. ಕೌಟಿಲ್ಯನು ಹಗಲಿನ ಪೂರ್ವಭಾಗವನ್ನು ಆನೆ, ಕುದುರೆ, ರಥ, ಆಯುಧಗಳ ಅಭ್ಯಾಸಕ್ಕೂ ಅಪರಭಾಗವನ್ನು ಇತಿಹಾಸಶ್ರವಣಕ್ಕೂ ಮೀಸಲಿಟ್ಟದ್ದು ರಾಜಕುಮಾರನಿಗಾಗಿ. ರೋಮಿನ ಲೇಖಕ ಕಿರಿಯ ಪ್ಲಿನಿ ತನ್ನ ಪತ್ರವೊಂದರಲ್ಲಿ ಮೆಚ್ಚಿ ಬಣ್ಣಿಸಿದ ಸ್ಪುರಿನ್ನನು ಉನ್ನತ ಪದವಿಗಳಿಂದ ನಿವೃತ್ತನಾದ 77 ವರ್ಷದ ವೃದ್ಧ. ಬೆಳಗ್ಗೆ ಮೂರು ಮೈಲಿ ನಡಿಗೆ. ಸ್ನಾನಕ್ಕೆ ಮುನ್ನ ಬಿಸಿಲಿನಲ್ಲಿ ಅಡ್ಡಾಡಿ, ಬಹುಹೊತ್ತು ಚೆಂಡಾಟ. ಸ್ನಾನದ ವೇಳೆ ಚಳಿಗಾಲದಲ್ಲಿ ಒಂಬತ್ತನೆಯ ತಾಸು, ಬೇಸಗೆಯಲ್ಲಿ ಎಂಟನೆಯದು. ರೋಮನ್ನರು ಹಗಲನ್ನು, ಅದು ಎಷ್ಟೇ ಉದ್ದವಿರಲಿ, 12 ಪಾಲು ಮಾಡುತ್ತಿದ್ದುದರಿಂದ ಅವರ ತಾಸು ಕೂಡ ಋತುವಿನೊಡನೆ ಹಿಗ್ಗಿ ಕುಗ್ಗುತ್ತಿತ್ತು. ಹೊತ್ತಾಯಿತೆಂದು ಸ್ಪುರಿನ್ನನಿಗೆ ಯಾರೋ ಬಂದು ತಿಳಿಸುತ್ತಾರೆ. ಆ ಮನುಷ್ಯನ ದಿನಚರಿಯನ್ನು ಪ್ಲಿನಿ ಬರೆದಿಲ್ಲ.

ದೇಹದೊಳಗೇ ಒಂದು ಗಡಿಯಾರವಿದೆಯೆಂಬ ತಿಳಿವಳಿಕೆ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದರ ಅಣುಮಟ್ಟದ ರಹಸ್ಯವನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮೈಶಾಖ ಸಂಜೆಯ ಕಡೆಗೆ ಏರುವುದರಿಂದ ಸ್ನಾಯುಗಳ ಬಲವೂ ಆಗಲೇ ಹೆಚ್ಚೆಂದು ವಿಜ್ಞಾನಿಗಳು ಹೇಳುತ್ತಾರೆ. ಇದು ರಾತ್ರಿ ಮಲಗಿ ಹಗಲು ಎಚ್ಚರವಿರುವವನ ಲೆಕ್ಕ. ಈ ವಾರ ಹಗಲು, ಮುಂದಿನ ವಾರ ಇರುಳು ಎಂದು ಪಾಳಿಯಲ್ಲಿ ದುಡಿಯುವ ಗಿರಣಿಯ ಕೆಲಸಗಾರನಿಗಾಗಲಿ, ಆಸ್ಪತ್ರೆಯ ದಾದಿಗಾಗಲಿ ಈ ಲೆಕ್ಕ ಹೊಂದದು. ಅವರಿಗೆ, ಉಂಡದ್ದು ಅರಗಿತೆ ಎಂದು ಮೊದಲು ಕೇಳುವ ವಾಗ್ಭಟನೇ ಹೆಚ್ಚು ಒದಗಿಬರುತ್ತಾನೆ.