ಇಡ್ಡಲಿಗೆಯಿಂದ ಇಡ್ಲಿಯವರೆಗೆ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಲಿಪಿಗಿಂತ ಹೆಚ್ಚು ಕಾಲ ಬಾಳುವುದು ಅಡುಗೆ. ಮೂರನೆಯ ತಲೆಮಾರಿನ ಮಕ್ಕಳು ಕನ್ನಡವನ್ನು ಓದಲಾರದೆ ಹೋದರೂ ಹುಳಿ, ಗೊಜ್ಜುಗಳನ್ನು ಹೆಸರಿಟ್ಟು ಕೇಳುತ್ತಾರೆ. ಆದರೆ ಅಜ್ಜಿಯ ಕೈಬರಹದ ಪಾಕಪುಸ್ತಕವನ್ನು ಇಂದಿನ ಅಡುಗೆಮನೆಗೆ ಹೊಂದಿಸಲು ಹೊರಟಾಗ ಅಳುಕೊಂದು ಎದುರಾಗುತ್ತದೆ: ಒರಳನ್ನು ಬಿಟ್ಟು ಮಿಕ್ಸಿ ಹಿಡಿದರೆ ಅದು ಅದೇ ಅಡುಗೆಯಾಗಿ ಉಳಿಯುವುದೇ?

ಇಡ್ಲಿಯ ಚರಿತ್ರೆಯನ್ನೇ ನೋಡೋಣ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿಯನ್ನೂ ಮಸಾಲೆಯನ್ನೂ ಬೆರೆಸುವ ಕ್ರಮವನ್ನು ಹೇಳುತ್ತದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿಯೂ ಈ ತಿನಿಸು ಉದ್ದಿನದೇ. ಈ ಹಳೆಯ ಉಲ್ಲೇಖಗಳಲ್ಲಿ ಅಕ್ಕಿಯೂ ಇಲ್ಲ, ಹಿಟ್ಟನ್ನು ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲವೆಂದು ಆಹಾರದ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದಾರೆ. ನಾವು ಸನಾತನವೆಂದು ಭಾವಿಸಿದ ಇಡ್ಲಿ ಹೀಗೆ ತಿದ್ದುಪಡಿಗಳ ಫಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆ ಇಡ್ಲಿಯನ್ನು ರೂಪಿಸಿದೆವೆಂದು ಬೆಂಗಳೂರಿನ ಎಂಟಿಆರ್ ಹೇಳಿಕೊಂಡು ಬಂದಿದೆ. ಅದೂ ಇದೇ ಸಾಲಿಗೆ ಸೇರುತ್ತದೆ.

ಖಾರದ ಕತೆಯೂ ಇಂಥದೇ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದಾಗ ಮೆಣಸಿನಕಾಯಿ ಕನ್ನಡನಾಡಿನ ಅಡುಗೆಗೆ ಇನ್ನೂ ಬಂದಿರಲಿಲ್ಲ. ಅಮೆರಿಕ ಖಂಡದ ಆ ಕಾಯಿ ಪೋರ್ಚುಗೀಸರ ಮೂಲಕ ಬಂದಾಗ ನಮ್ಮವರು ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟರು. ಕೊನೆಗೆ ಹಳೆಯ ಮೆಣಸೇ ‘ಕಾಳುಮೆಣಸು’ ಎಂಬ ವಿಶೇಷಣವನ್ನು ಹೊರಬೇಕಾಯಿತು. ಬ್ಯಾಡಗಿಯ ಬಣ್ಣವಿಲ್ಲದ ಸಾರನ್ನು ಇಂದು ನಾವು ಊಹಿಸಲೂ ಆರೆವು.

ಹಾಗೆಂದು ಬದಲಾವಣೆಯೆಲ್ಲ ಸಲ್ಲುವುದೆಂದಲ್ಲ. ಹಳೆಯ ವಿಧಾನದ ಪ್ರತಿಯೊಂದು ಹೆಜ್ಜೆಗೂ ಕಾರಣವಿತ್ತು. ಉಪಕರಣವನ್ನು ಬಿಡಬಹುದು, ಕಾರಣವನ್ನು ಬಿಡಲಾಗದು. ಒರಳುಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯೇರುತ್ತಿರಲಿಲ್ಲ. ಮಿಕ್ಸಿಯ ಅಲಗು ವೇಗದಿಂದ ಹಿಟ್ಟನ್ನು ಕಾಯಿಸುತ್ತದೆ. ಆದ್ದರಿಂದ ತಣ್ಣೀರು ಹಾಕಿ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ರುಬ್ಬಬೇಕು. ‘ರಾತ್ರಿ ಕಲಸಿಡು’ ಎಂಬ ಸೂಚನೆ ಊರಿನ ಹವೆಗೆ ಬರೆದದ್ದು. ದೆಹಲಿಯ ಚಳಿಗಾಲದಲ್ಲಿ ಒಂದು ರಾತ್ರಿ ಸಾಲದು. ಮುಚ್ಚಿದ ಒಲೆಪೆಟ್ಟಿಗೆಯಲ್ಲಿ ಬಿಸಿನೀರಿನ ಪಾತ್ರೆಯ ಪಕ್ಕದಲ್ಲಿ ಹಿಟ್ಟನ್ನಿಟ್ಟು ಬೆಚ್ಚಗೆ ಕಾಯಬೇಕು. ಮುಂಬೈ, ಚೆನ್ನೈಗಳ ಬೇಸಿಗೆಯಲ್ಲಿ ಬೆಳಗಾಗುವ ಮೊದಲೇ ಹಿಟ್ಟು ಹುಳಿಯಾಗಬಹುದು.

ಅಳತೆಯಲ್ಲಿ ಇನ್ನೊಂದು ತೊಡಕಿದೆ. 1956ರ ಕಾಯಿದೆಯ ಬಳಿಕ ದೇಶವು ಹಂತಹಂತವಾಗಿ ಮೆಟ್ರಿಕ್ ಪದ್ಧತಿಗೆ ಹೊರಳಿತು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಸೇರು, ತೊಲಗಳೇ ಲೆಕ್ಕ. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ ತೂಗಿದರೆ, ಮೈಸೂರು ಸೀಮೆಯ ಇಪ್ಪತ್ತನಾಲ್ಕು ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ‘ಒಂದು ಸೇರು ಬೆಲ್ಲ’ ಎಂಬ ಸಾಲನ್ನು ತಪ್ಪಾಗಿ ಓದಿದರೆ ಸಿಹಿ ಮೂರು ಪಟ್ಟು ಮೀರುತ್ತದೆ. ಅಂಥಲ್ಲಿ ಅದೇ ಪುಟದ ಉಳಿದ ಪದಾರ್ಥಗಳ ಪ್ರಮಾಣವನ್ನು ಹೋಲಿಸಿ, ಮೊದಲು ಕಾಲುಭಾಗವನ್ನಷ್ಟೇ ಮಾಡಿ ನೋಡುವುದು ಕ್ಷೇಮ.

ನಮ್ಮ ಹಿರಿಯರು ಬಹುಪಾಲು ಬರೆದಿಟ್ಟದ್ದು ಪದಾರ್ಥಗಳನ್ನು. ಕಾರಣಗಳು ಅವರ ಕೈಯಲ್ಲಿದ್ದವು, ‘ಹದ’ ಎಂಬ ಒಂದೇ ಮಾತಿನಲ್ಲಿ ಅಡಗಿದ್ದವು. ಆ ಹದವನ್ನು ಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿರುವಾಗಲೇ ಅವರ ಪಕ್ಕದಲ್ಲಿ ನಿಂತು ತೂಗಿ, ಅಳೆದು, ಏಕೆಂದು ಕೇಳಿ, ಕನ್ನಡದಲ್ಲೇ ಬರೆದುಕೊಳ್ಳಬೇಕಾಗಿದೆ. ಚಾವುಂಡರಾಯನಂಥವರು ತಮ್ಮ ಕಾಲದ ಅಡುಗೆಯನ್ನು ಬರೆದಿಟ್ಟದ್ದರಿಂದಲೇ ಇಡ್ಡಲಿಗೆ ಎಷ್ಟು ಬದಲಾಯಿತೆಂಬುದು ಇಂದು ನಮಗೆ ತಿಳಿದಿದೆ.