ಗಣಕಯಂತ್ರದ ರೇಡಿಯೇಟರೂ ಅದರ ಫ್ಯಾನೂ: ಒಂದು ಹಿನ್ನೋಟ

ನಮ್ಮ ಸಂಘದ ಕುಟುಂಬಗಳಲ್ಲಿ ಈಗ ಕಂಪ್ಯೂಟರ್ ಇಲ್ಲದ ಮನೆಯಿಲ್ಲ. ಹೈಸ್ಕೂಲು, ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಂತೂ ಬಿಡಿಭಾಗಗಳನ್ನು ತರಿಸಿ ಯಂತ್ರವನ್ನು ತಾವೇ ಜೋಡಿಸುವ ಹವ್ಯಾಸ ಬೆಳೆದಿದೆ. ಬೇಸಿಗೆ ರಜೆಯಲ್ಲಿ ದುಡಿದು ಕೂಡಿಟ್ಟ ಹಣವೆಲ್ಲ ಆ ಪೆಟ್ಟಿಗೆಯ ಪಾಲು! ಅದರಲ್ಲೂ 'ವಾಟರ್ ಕೂಲಿಂಗ್' ಎಂದರೆ ಮಕ್ಕಳಿಗೆ ಹೆಮ್ಮೆ, ಹಿರಿಯರಿಗೆ ದಿಗಿಲು. ಕರೆಂಟು ಹರಿಯುವ ಪೆಟ್ಟಿಗೆಯೊಳಗೆ ನೀರು ಹರಿಸುವುದೆಂದರೇನು? ಇಷ್ಟೆಲ್ಲ ಆದ ಮೇಲೂ ಕೆಲವು ಮನೆಗಳಲ್ಲಿ ಯಂತ್ರ ಕಾಯುವುದು ನಿಲ್ಲುವುದಿಲ್ಲ. ರಾತ್ರಿಯಿಡೀ ಫ್ಯಾನಿನ ಗುಂಯ್ ಶಬ್ದಕ್ಕೆ ಪಕ್ಕದ ಕೋಣೆಯವರಿಗೂ ನಿದ್ದೆಯಿಲ್ಲ. ತಪ್ಪು ನೀರಿನದಲ್ಲ, ಪಂಪಿನದೂ ಅಲ್ಲ. ಹೆಚ್ಚಿನ ಸಲ ರೇಡಿಯೇಟರಿಗೆ ತಕ್ಕ ಫ್ಯಾನನ್ನು ಆರಿಸಿರುವುದಿಲ್ಲ, ಅಷ್ಟೆ. ಇದು ಹೊಸ ಸಮಸ್ಯೆಯೇನೂ ಅಲ್ಲ. ನೂರು ವರ್ಷಕ್ಕೂ ಮಿಕ್ಕ ಇತಿಹಾಸ ಇದಕ್ಕಿದೆ. ಅದನ್ನು ಸ್ವಲ್ಪ ನೋಡೋಣ.

ರೇಡಿಯೇಟರ್ ಎಂದೊಡನೆ ನಮಗೆ ನೆನಪಾಗುವುದು ಕಾರು. 1886ರ ಬೆಂಜ್ ಗಾಡಿಯಲ್ಲಿ ಎಂಜಿನ್ನಿನ ಶಾಖಕ್ಕೆ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಮತ್ತೆ ಮತ್ತೆ ನೀರು ತುಂಬಬೇಕಾಗುತ್ತಿತ್ತು. ಇದಕ್ಕೆ ಒಳ್ಳೆಯ ಪರಿಹಾರ ಸಿಕ್ಕಿದ್ದು ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಅವರ ಕೈಯಲ್ಲಿ, 1901ರ ಮರ್ಸಿಡಿಸ್ 35 ಎಚ್.ಪಿ. ಕಾರಿನಲ್ಲಿ. ಜೇನುಗೂಡಿನಂತೆ ಕಾಣುವ ಆ ರೇಡಿಯೇಟರಿನಲ್ಲಿ 6 ಮಿ.ಮೀ. ಚೌಕದ 8,070 ಸಣ್ಣ ಕೊಳವೆಗಳಿದ್ದವು. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಬೇಕಾದ ನೀರಿನ ಪ್ರಮಾಣ ಹಿಂದಿನ ಮಾದರಿಯ ಅರ್ಧಕ್ಕೆ, ಅಂದರೆ 9 ಲೀಟರಿಗೆ ಇಳಿಯಿತು. ರೇಡಿಯೇಟರಿನ ಹಿಂದೆ ಒಂದು ಫ್ಯಾನನ್ನೂ ಇಟ್ಟರು, ಏಕೆಂದರೆ ಗಾಡಿ ನಿಧಾನವಾಗಿ ಹೋಗುವಾಗ ಎದುರುಗಾಳಿ ಸಾಲದು. ಮೈಬಾಕ್ ಮಾಡಿದ ಉಪಾಯವನ್ನು ಗಮನಿಸಿ. ಅವರು ನೀರನ್ನು ಹೆಚ್ಚಿಸಲಿಲ್ಲ. ಗಾಳಿ ತಗಲುವ ಮೈಯನ್ನು ಹೆಚ್ಚಿಸಿದರು, ಗಾಳಿಯನ್ನು ಎಳೆಯುವ ಏರ್ಪಾಡು ಮಾಡಿದರು. ನೀರು ಶಾಖವನ್ನು ಹೊತ್ತು ತರುವ ಕೂಲಿಯಾಳು ಮಾತ್ರ. ಆ ಹೊರೆಯನ್ನು ಕೊನೆಗೆ ಇಳಿಸಿಕೊಳ್ಳಬೇಕಾದದ್ದು ಗಾಳಿಯೇ.

ಇನ್ನು ಗಣಕಯಂತ್ರಗಳಿಗೆ ಬರೋಣ. 1946ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ತೋರಿಸಿದ 'ಎನಿಯಾಕ್' ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಉಣ್ಣುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಉಂಡದ್ದೆಲ್ಲ ಕೊನೆಗೆ ಶಾಖವೇ ಆದ್ದರಿಂದ ದೊಡ್ಡ ಬ್ಲೋವರುಗಳಿಂದ ಗಾಳಿಯನ್ನು ಹಾಯಿಸಿ ಅದನ್ನು ತಣ್ಣಗಿಡುತ್ತಿದ್ದರು.

ಟ್ರಾನ್ಸಿಸ್ಟರುಗಳು ಬಂದ ಮೇಲೆ ಯಂತ್ರಗಳು ತಣ್ಣಗಾದಾವು ಎಂದು ನಿರೀಕ್ಷಿಸಿದವರಿಗೆ ನಿರಾಶೆಯೇ ಆಯಿತು. ಭಾಗಗಳು ಚಿಕ್ಕವಾದಷ್ಟೂ ಅವುಗಳನ್ನು ಒತ್ತೊತ್ತಾಗಿ ಕೂರಿಸಿದರು, ಶಾಖವೂ ಒತ್ತೊತ್ತಾಯಿತು. ಐ.ಬಿ.ಎಂ. ಸಂಸ್ಥೆಯ ಸಿಸ್ಟಂ 360 ಮಾದರಿ 91 ಯಂತ್ರ 1967ರಲ್ಲಿ ಬಳಕೆದಾರರ ಕೈ ಸೇರಿತು. ಅದರಲ್ಲಿ ಫ್ಯಾನಿನ ಗಾಳಿ ಒಂದು ಬೋರ್ಡಿನ ಶಾಖ ಹೀರಿ ಬಿಸಿಯಾಗಿ ಮುಂದಿನ ಬೋರ್ಡಿಗೆ ಹೋಗುವ ಮೊದಲು, ನಡುವೆ ಇಟ್ಟ ನೀರಿನ ರೇಡಿಯೇಟರನ್ನು ಹಾದು ತಂಪಾಗುತ್ತಿತ್ತು. 1980ರಲ್ಲಿ ಪ್ರಕಟವಾದ 3081 ಯಂತ್ರದಲ್ಲಿ ನೀರು ಇನ್ನೂ ಹತ್ತಿರ ಬಂತು. ನೂರಕ್ಕೂ ಹೆಚ್ಚು ಚಿಪ್ಪುಗಳಿರುವ ಒಂದೊಂದು ಮಾಡ್ಯೂಲಿನಲ್ಲಿ, ಪ್ರತಿ ಚಿಪ್ಪಿನ ಬೆನ್ನಿಗೂ ಸ್ಪ್ರಿಂಗ್ ಒತ್ತಿದ ಲೋಹದ ಪಿಸ್ಟನ್ನು, ಸುತ್ತ ಹೀಲಿಯಂ ಅನಿಲ, ಮೇಲೆ ತಣ್ಣೀರು ಹರಿಯುವ ಫಲಕ. ಒಂದು ಮಾಡ್ಯೂಲು ಸುಮಾರು 300 ವ್ಯಾಟ್ ಶಾಖವನ್ನು ಹೊರಹಾಕುತ್ತಿತ್ತು.

1994ರಿಂದ ಸಿಮಾಸ್ ಚಿಪ್ಪುಗಳ ಮೇನ್‌ಫ್ರೇಮ್‌ಗಳು ಬಂದಾಗ ನೀರು ಮೂಲೆ ಸೇರಿತು. ಮತ್ತೆ ಗಾಳಿಯೇ ಸಾಕಾಯಿತು. ಆದರೆ ಆ ಚಿಪ್ಪುಗಳ ಶಾಖವೂ ಏರಿ, 2010ರ ಹೊತ್ತಿಗೆ ದೊಡ್ಡ ಯಂತ್ರಗಳಿಗೆ ನೀರು ಮರಳಿ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಅಕ್ಕರೆಯಿಂದ ಕರೆಯುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, 2015ರಲ್ಲಿ 'ಸಹಸ್ರಟಿ' ಎಂಬ ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು. ಅದು ಕ್ರೇ ಸಂಸ್ಥೆಯ ಎಕ್ಸ್‌ಸಿ 40 ಜಾತಿಯದು. ಈ ಜಾತಿಯ ದೊಡ್ಡ ಯಂತ್ರಗಳಲ್ಲಿ ಬೀರುಗಳನ್ನು ಸಾಲಾಗಿ ನಿಲ್ಲಿಸಿ, ಬ್ಲೋವರುಗಳಿಂದ ಗಾಳಿಯನ್ನು ಅಡ್ಡಡ್ಡಲಾಗಿ ಒಂದು ಬೀರುವಿನಿಂದ ಇನ್ನೊಂದಕ್ಕೆ ಹಾಯಿಸುತ್ತಾರೆ. ಪ್ರತಿ ಬೀರುವಿನ ಪಕ್ಕದಲ್ಲಿರುವ ನೀರಿನ ಸುರುಳಿ ಆ ಗಾಳಿಯನ್ನು ತಂಪು ಮಾಡುತ್ತದೆ. 1967ರ ಉಪಾಯವೇ ಅರ್ಧ ಶತಮಾನದ ಮೇಲೆ ಹೊಸ ವೇಷದಲ್ಲಿ ಬಂದಿತ್ತು!

ದೊಡ್ಡವರ ಕಥೆ ಇದಾದರೆ ಮನೆಯ ಯಂತ್ರದ ಕಥೆ ಬೇರೆ. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಪ್ರೊಸೆಸರಿಗೆ ಫ್ಯಾನೇ ಇರಲಿಲ್ಲ. ಇದ್ದ ಒಂದು ಫ್ಯಾನು ಪವರ್ ಸಪ್ಲೈಗೆ ಸೇರಿದ್ದು. 1993ರಲ್ಲಿ ಪೆಂಟಿಯಂ ಬಂದ ಮೇಲೆ ಪ್ರೊಸೆಸರಿನ ತಲೆಯ ಮೇಲೆ ಒಂದು ಪುಟ್ಟ ಫ್ಯಾನು ಸಾಮಾನ್ಯವಾಯಿತು. ಅದೇ ದಶಕದ ಕೊನೆಗೆ ಯಂತ್ರವನ್ನು ನಿಗದಿಗಿಂತ ವೇಗವಾಗಿ ಓಡಿಸುವ 'ಓವರ್‌ಕ್ಲಾಕಿಂಗ್' ಹುಚ್ಚು ಹತ್ತಿತು. ಅಂಥ ಯಂತ್ರಗಳ ಮೇಲೆ ನಿಮಿಷಕ್ಕೆ 7,000 ಸುತ್ತಿನ ಆಸುಪಾಸು ತಿರುಗುವ 60 ಮಿ.ಮೀ. ಫ್ಯಾನುಗಳು ಕೂತವು. ಅವುಗಳ ಕಿರುಚಾಟ ತಾಳಲಾರದೆ ಅಮೆರಿಕದ ಹವ್ಯಾಸಿಗಳು ಹಳೆಯ ಕಾರುಗಳ ಕಡೆ ಕಣ್ಣು ಹಾಯಿಸಿದರು. ಚಳಿಗಾಲದಲ್ಲಿ ಕಾರಿನ ಒಳಗನ್ನು ಬೆಚ್ಚಗಿಡುವ ಚಿಕ್ಕ ರೇಡಿಯೇಟರಿಗೆ 'ಹೀಟರ್ ಕೋರ್' ಎನ್ನುತ್ತಾರೆ. 1977ರ ಪೊಂಟಿಯಾಕ್ ಬಾನೆವಿಲ್ ಕಾರಿನ ಹೀಟರ್ ಕೋರ್ ಇವರಲ್ಲಿ ಬಲು ಹೆಸರುವಾಸಿ. ಅದಕ್ಕೆ ಮೀನಿನ ತೊಟ್ಟಿಯ ಪಂಪು, ಒಂದಿಷ್ಟು ರಬ್ಬರ್ ಕೊಳವೆ, 120 ಮಿ.ಮೀ. ಫ್ಯಾನು ಸೇರಿಸಿದರೆ ಮುಗಿಯಿತು. ಹೀಗೆ ಮೈಬಾಕ್ ಅವರ ವಿದ್ಯೆ ನೇರವಾಗಿ ಓದುವ ಕೋಣೆಗೆ ಬಂತು. ಕೆಲವೇ ವರ್ಷಗಳಲ್ಲಿ ಇದಕ್ಕೆಂದೇ ಮಾಡಿದ ರೇಡಿಯೇಟರುಗಳೂ ಮಾರಾಟಕ್ಕೆ ಬಂದವು. 2004ರಲ್ಲಿ ಆಪಲ್ ಕೂಡ ಪವರ್ ಮ್ಯಾಕ್ ಜಿ5ರ ವೇಗದ ಮಾದರಿಗೆ ದ್ರವದ ತಂಪು ಕೊಟ್ಟಿತು. ಇಂದು ಗ್ರಾಫಿಕ್ಸ್ ಕಾರ್ಡುಗಳಲ್ಲಿ 450 ವ್ಯಾಟ್ ಉಣ್ಣುವಂಥವೂ ಇವೆ. 3081 ಯಂತ್ರದ ನೂರು ಚಿಪ್ಪಿನ ಮಾಡ್ಯೂಲಿಗಿಂತ ಹೆಚ್ಚಿನ ಶಾಖ, ಮಗನ ಮೇಜಿನ ಕೆಳಗೆ!

ಈಗ ಮುಖ್ಯ ಪ್ರಶ್ನೆ: ಯಾವ ಫ್ಯಾನು? ಅಂಗಡಿಯಲ್ಲಿ ಎಲ್ಲರೂ ನೋಡುವುದು ಡಬ್ಬಿಯ ಮೇಲಿನ ಸಿ.ಎಫ್.ಎಂ. ಅಂಕಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. ಆದರೆ ಆ ಅಂಕಿ ಫ್ಯಾನಿನ ಎದುರು ಯಾವ ಅಡ್ಡಿಯೂ ಇಲ್ಲದಾಗಿನದು. ಪಕ್ಕದಲ್ಲೇ ಒತ್ತಡದ ಅಂಕಿ ಇರುತ್ತದೆ. ಅದು ಗಾಳಿಯ ದಾರಿಯನ್ನು ಪೂರ್ತಿ ಮುಚ್ಚಿದಾಗಿನದು. ರೇಡಿಯೇಟರಿನ ಮೇಲೆ ಕೂತ ಫ್ಯಾನು ಇವೆರಡರ ನಡುವೆ ಎಲ್ಲೋ ಕೆಲಸ ಮಾಡುತ್ತದೆ. ಬಯಲಲ್ಲಿ ಓಡುವವನ ವೇಗ ನೋಡಿ, ಜಾತ್ರೆಯ ಜನಸಂದಣಿಯಲ್ಲೂ ಅಷ್ಟೇ ಬೇಗ ನುಗ್ಗುತ್ತಾನೆಂದು ನಂಬಿದರೆ ಮೋಸಹೋದಂತೆಯೇ.

ಒಂದು ಸಣ್ಣ ಲೆಕ್ಕ. 300 ವ್ಯಾಟ್ ಶಾಖವನ್ನು, ಹಾದುಹೋಗುವ ಗಾಳಿ 10 ಡಿಗ್ರಿ ಸೆಲ್ಸಿಯಸ್ ಮಾತ್ರ ಬಿಸಿಯಾಗುವಂತೆ ಹೊರಹಾಕಲು ಸುಮಾರು 53 ಸಿ.ಎಫ್.ಎಂ. ಗಾಳಿ ಬೇಕು. ಈ ಗಾಳಿ ರೇಡಿಯೇಟರನ್ನು ನಿಜವಾಗಿ ದಾಟಬೇಕು. ಡಬ್ಬಿಯ ಮೇಲೆ 60 ಎಂದಿರುವ ಒಂದೇ ಫ್ಯಾನು ರೆಕ್ಕೆಗಳ ಅಡ್ಡಿಯನ್ನು ದಾಟಿಸಿ ಅಷ್ಟು ಕೊಡಲಾರದು. ಹಾಗೆಂದು ವೇಗ ಹೆಚ್ಚಿಸಿದರೆ? ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ಉಣ್ಣುವ ವಿದ್ಯುತ್ತು ಎಂಟು ಪಟ್ಟು. ಶಬ್ದ ಸುಮಾರು 15 ಡೆಸಿಬೆಲ್ ಏರುತ್ತದೆ. ಅದರ ಬದಲು ಅದೇ ವೇಗದ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿ ಸೇರಿಸಿದರೆ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಆದ್ದರಿಂದಲೇ ಸಣ್ಣ ರೇಡಿಯೇಟರಿಗೆ ಒಂದು ಕಿರುಚುವ ಫ್ಯಾನಿಗಿಂತ, ದೊಡ್ಡ ರೇಡಿಯೇಟರಿಗೆ ಮೂರು ನಿಧಾನದ ಫ್ಯಾನು ಮೇಲು.

ರೇಡಿಯೇಟರಿನ ರೆಕ್ಕೆಗಳನ್ನೂ ಎಣಿಸಬೇಕು. ಅಂಗುಲಕ್ಕೆ 10ರ ಆಸುಪಾಸು ರೆಕ್ಕೆಗಳಿದ್ದರೆ ನಿಧಾನದ ಫ್ಯಾನು ಸಾಕು. 20 ದಾಟಿದರೆ, ಇಲ್ಲವೇ ರೇಡಿಯೇಟರ್ ಬಲು ದಪ್ಪಗಿದ್ದರೆ, ಒತ್ತಡವಿರುವ ಫ್ಯಾನೇ ಬೇಕು. ಅಂಥ ಫ್ಯಾನಿನ ಗುರುತು ಸುಲಭ: ಎಸಳುಗಳು ಅಗಲ, ಎಸಳಿನ ತುದಿಗೂ ಚೌಕಟ್ಟಿಗೂ ನಡುವೆ ಸಂದು ತೀರ ಕಡಿಮೆ. ಸಂದು ದೊಡ್ಡದಾದರೆ ತಳ್ಳಿದ ಗಾಳಿ ಅಲ್ಲಿಂದಲೇ ಹಿಂದಕ್ಕೆ ನುಸುಳುತ್ತದೆ. ಜಪಾನಿನ ನಿಡೆಕ್ ಸಂಸ್ಥೆಯ 'ಜೆಂಟಲ್ ಟೈಫೂನ್' ಈ ಗುಣಕ್ಕಾಗಿಯೇ ಹವ್ಯಾಸಿಗಳ ಮೆಚ್ಚುಗೆ ಗಳಿಸಿತು. ಆಸ್ಟ್ರಿಯಾದ ನಾಕ್ಟುವಾ ಸಂಸ್ಥೆ 2018ರಲ್ಲಿ ಹೊರತಂದ 120 ಮಿ.ಮೀ. ಫ್ಯಾನಿನಲ್ಲಿ ಈ ಸಂದನ್ನು ಅರ್ಧ ಮಿ.ಮೀ.ಗೆ ಇಳಿಸಿತು. ಎಸಳು ಬಿಸಿಗೂ ವೇಗಕ್ಕೂ ಹಿಗ್ಗಿ ಚೌಕಟ್ಟಿಗೆ ಉಜ್ಜಬಾರದಲ್ಲವೇ? ಅದಕ್ಕೆಂದೇ ಗಟ್ಟಿಯಾದ ಬೇರೆ ಪ್ಲಾಸ್ಟಿಕ್ ಬಳಸಬೇಕಾಯಿತು. ಎಂಥ ಫ್ಯಾನು ತಂದರೂ ತಿಂಗಳಿಗೊಮ್ಮೆ ರೆಕ್ಕೆಗಳ ಧೂಳು ತೆಗೆಯದಿದ್ದರೆ ಹಣ ನೀರಿಗೆ ಹಾಕಿದಂತೆ. ಈ ಮಾತು ಇಲ್ಲಿ ಎರಡು ಅರ್ಥದಲ್ಲೂ ನಿಜ!

ಒಂದು ಘನ ಅಡಿ ನೀರು ಅಷ್ಟೇ ಗಾಳಿಗಿಂತ ಸುಮಾರು 3,500 ಪಟ್ಟು ಶಾಖ ಹೊರಬಲ್ಲದು. ಆ ಬಲ ನೋಡಿಯೇ ನಾವು ನೀರಿಗೆ ಮರುಳಾಗುತ್ತೇವೆ, ಗಾಳಿಯನ್ನು ಮರೆಯುತ್ತೇವೆ. ಬೀಸುವವರಿಲ್ಲದೆ ಬಿಸಿ ಆರದು ಎಂಬುದು ನಮ್ಮ ಅಜ್ಜಿಯಂದಿರಿಗೆ ಒಲೆಯ ಮುಂದೆಯೇ ಗೊತ್ತಿತ್ತು.

ಸಂಘದ ಹಿರಿಯ ಸದಸ್ಯರಲ್ಲಿ ಕೆಲವರು ಮೇನ್‌ಫ್ರೇಮ್ ಕಾಲದಲ್ಲಿ ಈ ದೇಶಕ್ಕೆ ಬಂದು, ಸ್ವೆಟರ್ ಹಾಕಿಕೊಂಡು ತಣ್ಣನೆಯ ಯಂತ್ರದ ಕೋಣೆಗಳಲ್ಲಿ ರಾತ್ರಿ ಪಾಳಿ ಮಾಡಿದವರು. ನೆಲದಡಿಯ ನೀರಿನ ಕೊಳವೆಗಳನ್ನು ಕಣ್ಣಾರೆ ಕಂಡವರು. ಮಕ್ಕಳಿಗೆ ತಾವೇ ಹೊಸದೇನೋ ಕಂಡುಹಿಡಿದೆವೆಂಬ ಸಂಭ್ರಮ. ಹಿರಿಯರಿಗೆ ತಮ್ಮ ಅನುಭವ ಯಾರಿಗೂ ಬೇಡವಾಯಿತೆಂಬ ಬೇಸರ. ಒಂದು ರೇಡಿಯೇಟರಿನ ನೆಪದಲ್ಲಿ ಇಬ್ಬರೂ ಮೇಜಿನ ಎದುರು ಕೂತು ಕನ್ನಡದಲ್ಲಿ ಒಂದು ಗಂಟೆ ಮಾತಾಡಿದರೆ ಈ ಲೇಖನ ಸಾರ್ಥಕ. ಹಿರಿಯರು ಆ ದಿನಗಳ ನೆನಪನ್ನು ಒಂದೆರಡು ಪುಟ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.